ಬಲಬದಿಯ ಗೀಟು

ಓಜ ಯಾರಿಗೂ ತಪ್ಪು ದಾರಿ ತೋರಿಸುವುದಿಲ್ಲ ಎಂದು ಹನ್ನೊಂದು ವರ್ಷ ಎದೆ ತಟ್ಟಿಕೊಂಡು ಹೇಳಿದವಳು ನಾನು. ಸಚಿವರ ಮುಂದೆ ಹೇಳಿದ್ದೇನೆ, ಪತ್ರಿಕೆಯವರ ಮುಂದೆ ಹೇಳಿದ್ದೇನೆ, ಮನೆಯಲ್ಲಿ ಊಟಕ್ಕೆ ಕುಳಿತಾಗ ಯಾರೂ ಕೇಳದಿದ್ದರೂ ಹೇಳಿದ್ದೇನೆ. ಹಾಗಾಗಿ ಆ ಮಾತು ಸುಳ್ಳಾದ ಕಥೆಯನ್ನೂ ನಾನೇ ಹೇಳುವುದು ನ್ಯಾಯ. ಬೇರೆಯವರ ಬಾಯಿಗೆ ಬಿಟ್ಟರೆ ಉಪ್ಪು ಖಾರ ಹಚ್ಚುತ್ತಾರೆ.

ನನ್ನ ಹೆಸರು ಕಸ್ತೂರಿ ಮುಳಗುಂದ. ಗದಗಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿ, ಆಮೇಲೆ ಧಾರವಾಡದ ದೂರಗಣಿತ ಕೇಂದ್ರಕ್ಕೆ ಬಂದವಳು. ಮನೆಯಲ್ಲೇ ಕುಳಿತು ಗಣಿತದಲ್ಲಿ ಪದವಿ ಓದುವ ಮೂವತ್ತೆಂಟು ಸಾವಿರ ಜನರಿಗೆ ಪಾಠ ಹೇಳುವ ಯಂತ್ರವೇ ಓಜ. ಪ್ರತಿಯೊಬ್ಬರ ಹತ್ತಿರವೂ ಒಂದು ತೆಳ್ಳನೆಯ ಹಲಗೆ ಇರುತ್ತದೆ. ಸರ್ಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ಜನ ಮಾತ್ರ ಅದನ್ನು ಪಾಟಿ ಎಂದೇ ಕರೆಯುತ್ತಾರೆ. ಅದರ ಮೇಲೆ ಪೆನ್ನಿನಿಂದ ಬರೆಯುತ್ತ ಹೋದಂತೆ ಓಜ ನೋಡುತ್ತಿರುತ್ತದೆ. ಕೈ ಎಲ್ಲಿ ತಡೆಯಿತು, ಎಲ್ಲಿ ಒತ್ತಿ ಬರೆಯಿತು, ಎಲ್ಲಿ ಅವಸರ ಮಾಡಿತು ಎಂಬುದೆಲ್ಲ ಅದಕ್ಕೆ ಗೊತ್ತಾಗುತ್ತದೆ. ನೀವು ಎರಡನೆಯ ಸಾಲಿನಲ್ಲಿರುವಾಗಲೇ ಐದನೆಯ ಸಾಲಿನಲ್ಲಿ ಎಡವುತ್ತೀರಿ ಎಂದು ಅದು ಹೇಳಬಲ್ಲದು. ಎಡವುವ ದಾರಿ ಹಿಡಿದರೆ ಪಾಟಿಯ ಅಂಚು ಕೆಂಪಾಗುತ್ತದೆ. ನಿಮ್ಮ ಕೈ ನಿಲ್ಲುತ್ತದೆ, ಓಜ ಒಂದು ಸಣ್ಣ ಪ್ರಶ್ನೆ ಕೇಳಿ ನಿಮ್ಮನ್ನು ಸರಿದಾರಿಗೆ ತರುತ್ತದೆ.

ಇದೆಲ್ಲ ಅದಕ್ಕೆ ಹೇಗೆ ಬಂತು ಎಂದರೆ, ಹಳೆಯ ಪರೀಕ್ಷೆಗಳ ನಲವತ್ತು ಲಕ್ಷ ಉತ್ತರಪುಟಗಳನ್ನು ನಾವು ಅದಕ್ಕೆ ಓದಿಸಿದ್ದೆವು. ಮಕ್ಕಳು ಎಲ್ಲಿ ಸರಿ ಹೋದರು, ಎಲ್ಲಿ ದಾರಿ ತಪ್ಪಿದರು ಎಂಬುದನ್ನು ಅದು ಆ ಪುಟಗಳಿಂದ ಕಲಿಯಿತು. ಓಜ ಬರುವ ಮೊದಲು ನೂರಕ್ಕೆ ಐವತ್ತೆರಡು ಜನ ಪಾಸಾಗುತ್ತಿದ್ದರು, ಬಂದ ಮೇಲೆ ತೊಂಬತ್ತೊಂದು. ಜಂಬ ಪಡಲು ನನಗೆ ಅಷ್ಟು ಸಾಕಾಗಿತ್ತು.

ಒಂದು ನಿಯಮ ಮಾತ್ರ ಬಿಗಿಯಾಗಿತ್ತು. ಅಂಚು ಎಷ್ಟು ಸಲ ಕೆಂಪಾಯಿತು ಎಂಬುದರ ಮೇಲೆ ಓಜ ಪ್ರತಿಯೊಬ್ಬರಿಗೂ 'ಸಿದ್ಧತೆ' ಎಂಬ ಅಂಕಿ ಕೊಡುತ್ತಿತ್ತು. ಅದು ಅರವತ್ತು ಮುಟ್ಟದೆ ಯಾರೂ ಪರೀಕ್ಷೆಗೆ ಕೂಡುವಂತಿರಲಿಲ್ಲ. ಸಿದ್ಧವಿಲ್ಲದವರನ್ನು ಪರೀಕ್ಷೆಗೆ ಕೂಡಿಸಿ ಫೇಲು ಮಾಡುವುದು ಯಾಕೆ ಎಂದು ವಾದಿಸಿದವಳೂ ನಾನೇ.

ಮಾರ್ಚ್ ತಿಂಗಳ ಒಂದು ಶುಕ್ರವಾರ, ಕೇಂದ್ರದ ನಿಯಂತ್ರಣ ಕೊಠಡಿಗೆ ಒಬ್ಬ ಹೆಂಗಸು ಬಂದಳು. ಅಲ್ಲಿಗೆ ವಿದ್ಯಾರ್ಥಿಗಳು ಬರುವುದೇ ಇಲ್ಲ, ಎಲ್ಲ ಅರ್ಜಿಗಳೂ ಪಾಟಿಯ ಮೇಲೆಯೇ ಬರುತ್ತವೆ. ಕೊಠಡಿಯ ಉಸ್ತುವಾರಿ ನೋಡುವ ರುಕ್ಸಾನಾ ಬಾಗವಾನ ಆಕೆಯನ್ನು ತಡೆಯಲು ಎದ್ದಳು. ಅಷ್ಟರಲ್ಲಿ ಆಕೆ ಚಪ್ಪಲಿ ಹೊರಗೆ ಬಿಟ್ಟು ಒಳಗೇ ಬಂದುಬಿಟ್ಟಿದ್ದಳು. ಮೂವತ್ತೊಂಬತ್ತು ನಲವತ್ತರ ವಯಸ್ಸು, ಕುತ್ತಿಗೆಗೆ ಅಳತೆಯ ಟೇಪು. ತೆಗೆದಿಡಲು ಮರೆತಿದ್ದಳೇನೋ.

"ನಾನು ದಾಕ್ಷಾಯಣಿ ಸಿಂಪಿಗೇರ ಅಂತ್ರಿ ಮೇಡಂ. ಗದಗದಾಗ ನಿಮ್ಮ ಕೈಯಾಗ ಕಲ್ತಾಕಿ. ಹತ್ತೊಂಬತ್ತು ವರ್ಷ ಆತು. ಎರಡನೇ ವರ್ಷಕ್ಕ ಬಿಟ್ಟೆ."

"ಯಾಕ ಬಿಟ್ಟಿ?"

"ಲಗ್ನಾ ಆತ್ರಿ. ಈಗ ಮತ್ತ ಹಿಡದೀನಿ. ಎಲ್ಲಾ ಪೇಪರ್ ಪಾಸ್ ಆಗ್ಯಾವು, ರೇಖಾಗಣಿತ ಒಂದ ಉಳದೈತಿ. ಆದರ ನನಗೂ ಓಜಪ್ಪಗೂ ಹೊಂದಾಣಿಕಿ ಆಗವಲ್ದು."

ನಾನು ಆಕೆಯ ಕಡತ ತೆಗೆಸಿದೆ. ಹದಿನೇಳು ಪತ್ರಿಕೆ ಮುಗಿದಿದ್ದವು. ರೇಖಾಗಣಿತದಲ್ಲಿ ಸಿದ್ಧತೆ ನಲವತ್ತೊಂದು, ಅದೂ ಮೂರನೆಯ ಪ್ರಯತ್ನದಲ್ಲಿ. ನೋಂದಣಿಯ ಆರು ವರ್ಷದ ಅವಧಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದಿನ ಗುರುವಾರದ ಪರೀಕ್ಷೆಗೆ ಕೂಡದಿದ್ದರೆ ಪಾಸಾದ ಹದಿನೇಳೂ ಹೋಗುತ್ತವೆ, ಮತ್ತೆ ಮೊದಲಿನಿಂದ ಶುರುಮಾಡಬೇಕು.

"ಹೆಣ್ಣುಮಕ್ಕಳ ಪಾಲಿಟೆಕ್ನಿಕ್‌ನಾಗ ಹೊಲಿಗಿ ಕಲಸಾಕ ಬಾ ಅಂದಾರ್ರಿ," ಎಂದಳು ದಾಕ್ಷಾಯಣಿ. "ಡಿಗ್ರಿ ಇದ್ರ ಅಷ್ಟ. ಜೂನ್‌ದಾಗ ಜಾಗಾ ತುಂಬತಾರ. ಮುಂದಿನ ವರ್ಷ ನನ್ನ ವಯಸ್ಸು ಮೀರತೈತಿ. ಸಿದ್ಧತಿ ಅಂಕಿ ಇಲ್ಲದನ ಪರೀಕ್ಷಾಕ್ಕ ಕೂಡಾಕ ಬಿಡ್ರಿ ಅಂತ ಅರ್ಜಿ ಬರಕೊಂಡು ಬಂದೀನಿ."

"ಓಜ ಏನು ತೊಂದರಿ ಮಾಡತೈತಿ?"

"ಶುರು ಮಾಡಾಕ ಬಿಡೂದಿಲ್ರಿ. ಒಂದು ಚಿತ್ರಾ ತಗದು ನೋಡೋಣ ಅಂದ್ರ ಅಂಚು ಕೆಂಪಗ ಆಗತೈತಿ."

ನನಗೆ ನಗು ಬಂತು. "ನೋಡವಾ, ಓಜ ನಲವತ್ತು ಲಕ್ಷ ಪುಟ ನೋಡೇತಿ."

"ನೋಡಿರಬೌದ್ರಿ. ನನ್ನ ಪುಟಾ ನೋಡವಲ್ದು."

ಗೋಡೆಯ ತುಂಬ ಮೂವತ್ತೆಂಟು ಸಾವಿರ ಚುಕ್ಕಿಗಳ ನಕ್ಷೆ ಇತ್ತು. ಹಸಿರು ಚುಕ್ಕಿ ಸಿದ್ಧವಾದವರದು, ಕೆಂಪು ಆಗದವರದು. ನಾನು ಕೈ ಎತ್ತಿ ಗದಗಿನ ಹತ್ತಿರ ಆಕೆಯ ಕೆಂಪು ಚುಕ್ಕಿ ತೋರಿಸಿ, ಸುತ್ತಲಿನ ಹಸಿರು ಚುಕ್ಕಿಗಳನ್ನು ತೋರಿಸಿ, ಅವರಿಗೆ ಆದದ್ದು ನಿನಗೆ ಯಾಕೆ ಆಗುವುದಿಲ್ಲ ಎಂದು ಕೇಳಿದೆ. ಆಕೆ ಚುಕ್ಕಿ ನೋಡಲಿಲ್ಲ. ನನ್ನ ತೋಳು ನೋಡುತ್ತಿದ್ದಳು.

"ಸಿಟ್ಟಾಗಬ್ಯಾಡ್ರಿ ಮೇಡಂ. ನಿಮ್ಮ ಜಂಪರದ ತೋಳು ತಪ್ಪು ಕತ್ತರಸ್ಯಾರ. ಕೈ ಎತ್ತಿದ್ರ ಇಡೀ ಜಂಪರ ಎದ್ದು ಬರತೈತಿ."

ರುಕ್ಸಾನಾ ಬೇರೆ ಕಡೆ ಮುಖ ತಿರುಗಿಸಿಕೊಂಡಳು. ನಾನು ರವಿಕೆಯ ಮೇಲೆ ಸೆರಗು ಸರಿಮಾಡಿಕೊಂಡು, ವಿಚಾರ ಮಾಡಿ ತಿಳಿಸುತ್ತೇವೆ ಎಂದು ಆಕೆಯನ್ನು ಕಳಿಸಿದೆ. ವಿಚಾರವನ್ನೇನೂ ಮಾಡಲಿಲ್ಲ. ಅರ್ಜಿಯ ಮೇಲೆ 'ತಿರಸ್ಕರಿಸಲಾಗಿದೆ' ಎಂದು ಬರೆದೆ. ಸಿಟ್ಟಿನಲ್ಲಿ ಬರೆದೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮನೆಗೆ ಹೋಗಿ ಚಹಾದ ಜೊತೆ ಚುರುಮುರಿ ತೆಗೆಯೋಣ ಎಂದು ಮೇಲಿನ ಹಲಗೆಯ ಡಬ್ಬಿಗೆ ಕೈ ಹಾಕಿದೆ. ಜಂಪರ ಎದ್ದು ಬಂತು. ಕಾಲೇಜಿನಲ್ಲಿ ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆಯುವಾಗೆಲ್ಲ ಹೀಗೇ ಆಗುತ್ತಿತ್ತು. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದು ಕೈಯಲ್ಲಿ ಸೆರಗು ಹಿಡಿಯುವುದು ನನಗೆ ರೂಢಿಯಾಗಿಬಿಟ್ಟಿತ್ತು. ಗಣಿತದ ಮೇಡಂಗಳೆಲ್ಲ ಹಾಗೇ ನಿಲ್ಲುತ್ತಾರೆ ಎಂದುಕೊಂಡಿದ್ದೆ.

ನಡೆದದ್ದನ್ನು ನನ್ನ ಯಜಮಾನರಿಗೆ ಹೇಳಿದೆ. ಅವರು ನಿವೃತ್ತ ಪೋಸ್ಟ್ ಮಾಸ್ಟರ್, ಹೆಸರು ಮಲ್ಲೇಶಪ್ಪ. ಪೇಪರಿನಿಂದ ತಲೆ ಎತ್ತದೆ ಕೇಳಿದರು: "ಆಕಿ ಹೇಳಿದ್ದು ಖರೆ ಐತೋ ಸುಳ್ಳೋ?"

"ಜಂಪರದ್ದು ಖರೆ ಐತಿ."

"ಒಂದು ಮಾತು ಖರೆ ಹೇಳ್ಯಾಳಂದ್ರ, ಇನ್ನೊಂದನ್ನೂ ಒಂದೀಟು ನೋಡು."

"ಆಕಿ ಜಂಪರಾ ನೋಡೇ ಹೇಳಿದ್ಲು."

"ಹಂಗಾರ ನೀನ ನೋಡದ ಹೇಳಿದಾಕಿ," ಎಂದು ಪುಟ ತಿರುವಿದರು.

ಮೂವತ್ತೆರಡು ವರ್ಷ ಸಂಸಾರ ಮಾಡಿದ ಮೇಲೂ ಈ ಮನುಷ್ಯನ ಮೇಲೆ ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ಅವರು ಹೇಳುವುದು ಸಾಮಾನ್ಯವಾಗಿ ಸರಿಯಾಗಿರುತ್ತದೆ.

ರವಿವಾರ ರೈಲು ಹತ್ತಿ ಗದಗಿಗೆ ಹೋದೆ. ಜಂಪರದ ಒಂದು ಬಟ್ಟೆ ಚೀಲದಲ್ಲಿಟ್ಟುಕೊಂಡಿದ್ದೆ, ನೆಪಕ್ಕೆ ಇರಲಿ ಎಂದು. ದಾಕ್ಷಾಯಣಿಯ ಅಂಗಡಿ ಬೆಟಗೇರಿಯ ಒಂದು ಓಣಿಯಲ್ಲಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆಯ ಮಷೀನಿನ ಪಕ್ಕ ಪಾಟಿ ನಿಲ್ಲಿಸಿಟ್ಟಿತ್ತು. ಬಾಗಿಲ ಹತ್ತಿರ ಆಕೆಯ ಅತ್ತೆ ಜಂಪರಗಳಿಗೆ ಹುಕ್ಕು ಹಚ್ಚುತ್ತಿದ್ದರು.

"ಬರ್ರಿ ಬರ್ರಿ," ಎಂದರು ಅತ್ತೆ. "ಈಕಿ ಲೆಕ್ಕಾ ಮಾಡಾಕ ಕುಂತಾಗ ಹುಕ್ಕು ನಂದು. ಆರು ವರ್ಷದಾಗ ಎಷ್ಟು ಸಾವಿರ ಹುಕ್ಕು ಹಚ್ಚೀನಿ ಆ ಓಜಪ್ಪಗ ಗೊತ್ತಿಲ್ಲ."

ದಾಕ್ಷಾಯಣಿ ಅರ್ಜಿ ತಿರಸ್ಕಾರವಾದ ಮಾತೇ ಎತ್ತಲಿಲ್ಲ. ನನ್ನ ಅಳತೆ ತೆಗೆದುಕೊಂಡಳು. ಹಳೆಯ ಪೇಪರೊಂದನ್ನು ಹಾಸಿ ತೋಳಿನ ಆಕಾರ ಬರೆದಳು, ಒಂದು ಏರು, ಒಂದು ಇಳಿ. ಏರು ಎತ್ತರವಾದರೆ ಕೈ ಇಳಿಬಿಟ್ಟಾಗ ಚಂದ, ಎತ್ತಿದರೆ ಬಟ್ಟೆ ಎಳೆಯುತ್ತದೆ; ತಗ್ಗಾದರೆ ಕೈ ಸಲೀಸು ಎಂದು ವಿವರಿಸಿದಳು. ಬಟ್ಟೆಯ ಒಳಮೈ ಮೇಲೆ ಸೀಮೆಸುಣ್ಣದಿಂದ ಆ ಗೆರೆ ಎಳೆದಳು. ಕತ್ತರಿಸಿದ ಮೇಲೆ ಉಳಿದ ಗೆರೆಯನ್ನು ಅಂಗೈಯಿಂದ ಝಾಡಿಸಿ ಅಳಿಸಲು ಹೋದಳು.

"ಅದನ್ನ ಆಮ್ಯಾಲೆ ಝಾಡಸುವಂತಿ, ಈಗ ಪಾಟಿ ತಗಿ," ಎಂದೆ ನಾನು. "ನೀ ಹೆಂಗ ಮಾಡತಿ ನೋಡೋಣ."

ಓಜ ಕೊಟ್ಟ ಲೆಕ್ಕ ಇದು: ಒಂದು ಕಾಗದದ ಕೊಳವೆಯನ್ನು ಓರೆಯಾಗಿ ಕತ್ತರಿಸಿ, ಆಮೇಲೆ ಉದ್ದಕ್ಕೆ ಸೀಳಿ ಬಿಚ್ಚಿ ಹಾಸಿದರೆ ಕತ್ತರಿಸಿದ ಅಂಚು ಯಾವ ವಕ್ರರೇಖೆಯಾಗುತ್ತದೆ? ಉತ್ತರ ಸೈನ್ ರೇಖೆ, ಒಂದು ಏರು, ಒಂದು ಇಳಿ. ನಾನು ಇದನ್ನು ಹದಿನೆಂಟು ವರ್ಷ ಕಲಿಸಿದ್ದೇನೆ. ಅದು ಜಂಪರದ ತೋಳು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ದಾಕ್ಷಾಯಣಿಗೆ ಲೆಕ್ಕ ಓದುತ್ತಲೇ ಹೊಳೆಯಿತು. ಪಾಟಿಯ ಬಲಬದಿಯ ಕಿರಿದಾದ ಜಾಗದಲ್ಲಿ ತೋಳಿನ ಆಕಾರ ಬರೆದು, ಎತ್ತರ ಗುರುತಿಸತೊಡಗಿದಳು. ಅಂಚು ಕೆಂಪಾಯಿತು.

ಆಕೆ ನನ್ನ ಮುಖ ನೋಡಿದಳು. ಕೆಂಪಿಗೆ ಸೊಪ್ಪು ಹಾಕದೆ ಚಿತ್ರ ಮುಗಿಸಿದಳು. ಅಳತೆಗಳನ್ನು ಎಡಗಡೆಗೆ ತಂದು ಸಮೀಕರಣ ಬರೆಯಲು ಕೈಯಿಟ್ಟಳು. ಅದಕ್ಕೆ ಮೊದಲು ಒಂದು ಕೆಲಸ ಮಾಡಿದಳು. ಬಲಬದಿಯ ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ನೆಟ್ಟಗೆ ಒಂದು ಗೀಟು ಹಾಕಿದಳು.

"ಅದ್ಯಾಕ ಹೊಡದಿ? ಚಿತ್ರ ಸರಿ ಇತ್ತಲ್ಲ?"

"ರಫ್ ಕೆಲಸಲ್ರಿ ಅದು. ರಫ್ ಬಲಕ್ಕ ಮಾಡಬೇಕು, ಮುಗದ ಕೂಡ್ಲೆ ಗೀಟು ಹಾಕಬೇಕು. ನೀವ ಕಲಸೀರಿ. ಹಾಕಲಿಲ್ಲಂದ್ರ ಅರ್ಧ ಮಾರ್ಕ್ಸ್ ಕಡೀತಿದ್ರಿ."

ಕಡಿಯುತ್ತಿದ್ದೆ. ನಾನೊಬ್ಬಳೇ ಅಲ್ಲ, ನಮ್ಮ ಕಡೆಯ ಗಣಿತದ ಮಾಸ್ತರರೆಲ್ಲ ಕಡಿಯುತ್ತಿದ್ದರು. ಉತ್ತರಪತ್ರಿಕೆಯ ಹಿಂದಿನ ಸೂಚನೆಗಳಲ್ಲೂ ಅದು ಇರುತ್ತಿತ್ತು. ಅಚ್ಚುಕಟ್ಟು ಎಂದರೆ ನಮಗೆ ಪ್ರಾಣ. ಲೆಕ್ಕ ಹೇಗೆ ಹೊಳೆಯಿತು ಎಂಬುದರ ಮೇಲೆ ಗೀಟು, ಹೊಳೆದದ್ದನ್ನು ನೀಟಾಗಿ ಬರೆದದ್ದಕ್ಕೆ ಮಾರ್ಕ್ಸು.

ಆಗ ನನಗೆ ಹಳೆಯದೊಂದು ಸಭೆ ನೆನಪಾಯಿತು. ಓಜನಿಗೆ ಪುಟ ಓದಿಸುವ ಮೊದಲು ನನ್ನ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತ್ತು. ನಲವತ್ತು ಲಕ್ಷ ಪುಟಗಳಲ್ಲಿ ಯಾವುದು ಸರಿ ಹೆಜ್ಜೆ, ಯಾವುದು ತಪ್ಪು ಹೆಜ್ಜೆ ಎಂದು ಒಂದೊಂದಾಗಿ ಗುರುತು ಹಾಕಲು ಜನ್ಮ ಸಾಲುತ್ತಿರಲಿಲ್ಲ. ಅದಕ್ಕೆ ನಾನು ಒಂದು ಸುಲಭದ ದಾರಿ ಸೂಚಿಸಿದ್ದೆ. ವಿದ್ಯಾರ್ಥಿಯೇ ಗೀಟು ಎಳೆದು ಹೊಡೆದುಹಾಕಿದ್ದನ್ನು ತಪ್ಪು ದಾರಿ ಎಂದು ತಿಳಿಯತಕ್ಕದ್ದು. ಆ ವಾಕ್ಯ ನನ್ನದು, ಅದರ ಕೆಳಗಿನ ಹಸಿರು ಇಂಕಿನ ಸಹಿಯೂ ನನ್ನದು.

ಸೋಮವಾರ ಬೆಳಿಗ್ಗೆ ರುಕ್ಸಾನಾ ಬರುವ ಮೊದಲೇ ಹೋಗಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದೆ. ಹಳೆಯ ರೇಖಾಗಣಿತದ ಪುಟಗಳಲ್ಲಿ ಪೂರ್ತಿ ಅಂಕ ಪಡೆದ ಉತ್ತರಗಳನ್ನಷ್ಟೇ ತೆಗೆ, ಅವುಗಳ ಬಲಬದಿಯಲ್ಲಿ ಗೀಟು ಹಾಕಿದ ಚಿತ್ರ ಎಷ್ಟರಲ್ಲಿದೆ ಎಣಿಸು ಎಂದೆ. ಎಣಿಕೆಗೆ ಅರ್ಧ ತಾಸು ಹಿಡಿಯಿತು.

"ನೂರಕ್ಕ ಅರವತ್ನಾಕು," ಎಂದಳು ರುಕ್ಸಾನಾ. "ಚಿತ್ರಾ ತಗದವ್ರಿಗೇನ ಉತ್ತರ ಬಂದೈತಿ ಮೇಡಂ. ತಗದು, ಹೊಡದಾರ. ಹೊಡದದ್ದು ನೋಡಿ ಓಜ, ಚಿತ್ರಾ ತಗಿಯೂದ ತಪ್ಪಂತ ತಿಳಕೊಂಡೈತಿ."

"ಹೋದ ವರ್ಷ ಎಷ್ಟು ಜನ ಚಿತ್ರ ತಗದಾರ?"

ಆಕೆ ಮತ್ತೆ ಎಣಿಸಿದಳು. "ನೂರಕ್ಕ ನಾಕು."

ಹನ್ನೊಂದು ವರ್ಷ ಅಂಚು ಕೆಂಪಾಗಿ ಕೆಂಪಾಗಿ ಮಕ್ಕಳು ಚಿತ್ರ ಬರೆಯುವುದನ್ನೇ ಬಿಟ್ಟಿದ್ದರು. ಸಣ್ಣ ಸಂಖ್ಯೆ ಹಾಕಿ ನೋಡುವುದನ್ನೂ ಬಿಟ್ಟಿದ್ದರು, ಯಾಕೆಂದರೆ ಅದೂ ಬಲಬದಿಯ ಕೆಲಸ. ಓಜ ಕೈ ಹಿಡಿದು ನಡೆಸಿದ ದಾರಿಯಲ್ಲಿ ನಡೆದು ಪಾಸಾಗುತ್ತಿದ್ದರು. ನಕ್ಷೆಯ ತುಂಬ ಹಸಿರು ಚುಕ್ಕಿಗಳಿದ್ದವು, ಒಂದಕ್ಕೂ ತಾನಾಗಿ ಲೆಕ್ಕ ಶುರುಮಾಡಲು ಬರುತ್ತಿರಲಿಲ್ಲ. ಕೆಂಪನ್ನು ನೋಡಿಯೂ ಹಟ ಬಿಡದೆ ಚಿತ್ರ ಬರೆದವಳಿಗೆ ನಾವು ಸಿದ್ಧತೆ ನಲವತ್ತೊಂದು ಎಂದು ಕೊಟ್ಟಿದ್ದೆವು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ರುಕ್ಸಾನಾ ನೀರು ತಂದುಕೊಟ್ಟಳು.

"ಓಜನ್ನ ತಿದ್ದಾಕ ಎಷ್ಟು ದಿನ ಬೇಕು?"

"ಎರಡು ತಿಂಗಳು. ಗುರುವಾರಕ್ಕ ಆಗೂದಿಲ್ಲ."

ನಿಯಮಗಳ ಪುಸ್ತಕ ತೆಗೆದೆವು. ಹದಿನಾಲ್ಕನೆಯ ನಿಯಮದಲ್ಲಿ ಒಂದು ದಾರಿ ಇತ್ತು. ಓಜ ಎಲ್ಲಿ, ಯಾಕೆ ತಪ್ಪಿದೆ ಎಂದು ಒಬ್ಬ ಶಿಕ್ಷಕರು ಲಿಖಿತವಾಗಿ ಹೇಳಿ, ವಿದ್ಯಾರ್ಥಿಯನ್ನು ತಾವೇ ಎದುರಿಗೆ ಕೂಡಿಸಿಕೊಂಡು ಪರೀಕ್ಷಿಸಿ ಸಹಿ ಮಾಡಿದರೆ ಸಿದ್ಧತೆಯ ಅಂಕಿ ಬೇಕಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಅದನ್ನು ಬಳಸಿರಲಿಲ್ಲ. ಬಳಸಿದರೆ ಆ ಕಾಗದ ನೇರವಾಗಿ ಸಚಿವಾಲಯಕ್ಕೆ ಹೋಗುತ್ತದೆ.

"ನಿಮ್ಮ ಹೆಸರ ಬರತೈತಿ ಮೇಡಂ," ಎಂದಳು ರುಕ್ಸಾನಾ ಮೆಲ್ಲಗೆ.

"ನಂದ ತಪ್ಪು ಅಂದಮ್ಯಾಲೆ ಇನ್ನ್ಯಾರ ಹೆಸರು ಬರಬೇಕು?"

ಎರಡು ಪುಟ ಬರೆದೆ. ಸುತ್ತಿ ಬಳಸಿ ಬರೆಯಲಿಲ್ಲ. ಗೀಟಿನ ನಿಯಮ ಮಾಡಿದವಳು ನಾನು, ಅದು ತಪ್ಪು, ಅದರಿಂದ ಇಂಥಿಂಥದು ಆಗಿದೆ, ಹೀಗೆ ತಿದ್ದಬೇಕು. ಹಸಿರು ಇಂಕಿನಲ್ಲಿಯೇ ಸಹಿ ಮಾಡಿದೆ.

ಮಂಗಳವಾರ ದಾಕ್ಷಾಯಣಿ ಬಂದಳು. ನಿಯಂತ್ರಣ ಕೊಠಡಿಯ ಮೇಜಿನ ಮೇಲೆ ಬರೀ ಕಾಗದ, ಪೆನ್ನು ಇಟ್ಟಿದ್ದೆ. ರುಕ್ಸಾನಾ ಸಾಕ್ಷಿಗೆ ಕೂತಳು. ಓಜ ಎಂದೂ ಕೇಳದ ಒಂದು ಲೆಕ್ಕ ಕೊಟ್ಟೆ: ಒಂದು ಶಂಕು, ಅದರ ತುದಿಯಿಂದ ಬುಡದ ಅಂಚಿಗೆ ಹನ್ನೆರಡು ಇಂಚು, ಬುಡದ ತ್ರಿಜ್ಯ ಮೂರು ಇಂಚು. ಅಂಚಿನಲ್ಲಿರುವ ಇರುವೆ ಶಂಕುವಿನ ಮೈಮೇಲೆ ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಬರಬೇಕು. ಅತಿ ಹತ್ತಿರದ ದಾರಿ ಎಷ್ಟು ಉದ್ದ?

ಆಕೆ ಲೆಕ್ಕವನ್ನು ಎರಡು ಸಲ ಓದಿದಳು. ಪೆನ್ನು ಬಲಬದಿಗೆ ಹೋಯಿತು, ಅಲ್ಲೇ ನಿಂತಿತು. ಕಾಗದದ ಅಂಚನ್ನು ನೋಡುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಕೆಂಪಾಗುತ್ತದೇನೋ ಎಂದು ಕಾಯುತ್ತಿದ್ದಳು.

"ಬರೀ ಕಾಗದ ಅದು," ಎಂದೆ. "ಬರಿ."

ಆಕೆ ಕಾಲು ವೃತ್ತ ಬರೆದಳು. "ಇದು ಅಂಬ್ರೆಲಾ ಫ್ರಾಕ್ ಅಲ್ರಿ ಮೇಡಂ? ಹನ್ನೆರಡು ಉದ್ದ, ಮೂರು ತ್ರಿಜ್ಯ ಅಂದ್ರ ಬಿಚ್ಚಿ ಹಾಸಿದ್ರ ಸರಿಯಾಗಿ ಕಾಲು ಭಾಗ ಬರತೈತಿ. ಇರುವಿ ಈ ಮೂಲಿಯಿಂದ ಆ ಮೂಲಿಗಿ ಹೋಗಬೇಕು. ಬಟ್ಟಿ ಮ್ಯಾಲೆ ಸಪಾಟ ಇದ್ದಾಗ ನೆಟ್ಟಗ ಹೋದ್ರ ಆತು." ಎರಡು ಮೂಲೆಗಳಿಗೆ ಸ್ಕೇಲಿಟ್ಟು ಗೆರೆ ಎಳೆದಳು. ಎಡಗಡೆಗೆ ಬಂದು ಕಾರಣಗಳನ್ನೆಲ್ಲ ಕ್ರಮವಾಗಿ ಬರೆದು, ಕೊನೆಗೆ ಹನ್ನೆರಡು ಗುಣಿಸು ವರ್ಗಮೂಲ ಎರಡು ಎಂದು ಬರೆದಳು. ಒಂದು ಅಕ್ಷರ ತಪ್ಪಿರಲಿಲ್ಲ.

ಮುಗಿಸಿದ ಮೇಲೆ ಪೆನ್ನು ತಾನಾಗಿ ಬಲಬದಿಯ ಮೂಲೆಗೆ ಹೋಯಿತು. ನಾನು ಆಕೆಯ ಮುಂಗೈ ಹಿಡಿದೆ.

"ಗೀಟು ಹಾಕಬ್ಯಾಡ."

"ಅರ್ಧ ಮಾರ್ಕ್ಸು?"

"ಅದನ್ನ ಕಡದದ್ದು ನನ್ನ ತಪ್ಪು ದಾಕ್ಷಾಯಣಿ. ನಿನ್ನ ಲೆಕ್ಕ ಎಲ್ಲಾ ಆ ಚಿತ್ರದಾಗ ಐತಿ. ಉಳದದ್ದು ಬರವಣಿಗಿ."

ಆಕೆ ಆ ಕಾಲು ವೃತ್ತದ ಮೇಲೆ ಬೆರಳಿಟ್ಟಳು. "ಇಷ್ಟು ವರ್ಷ ನಾ ಕಳ್ಳಿ ಹಂಗ ಮಾಡತಿದ್ನಿರಿ ಇದನ್ನ," ಎಂದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು. ನಾನು ಸಹಿ ಮಾಡಿದೆ.

ಗುರುವಾರ ಆ ಪರೀಕ್ಷೆಗೆ ಒಂಬತ್ತು ಸಾವಿರ ಜನ ಕೂತರು. ಬಲಬದಿಯ ಕೆಲಸಕ್ಕೆ ಗೀಟು ಹಾಕಬೇಡಿ ಎಂದು ಎಲ್ಲರ ಪಾಟಿಗೂ ಸೂಚನೆ ಕಳಿಸಿದ್ದೆವು. ಬಲಬದಿಯಲ್ಲಿ ಏನಾದರೂ ಬರೆದವರು ನಾನೂರು ಚಿಲ್ಲರೆ, ಅವರಲ್ಲೂ ಮುನ್ನೂರು ಜನ ರೂಢಿಯಂತೆ ಗೀಟು ಹಾಕಿಯೇ ಹಾಕಿದರು. ದಾಕ್ಷಾಯಣಿ ಹಾಕಲಿಲ್ಲ. ನೂರಕ್ಕೆ ಎಂಬತ್ತೆರಡು ಅಂಕ ತೆಗೆದುಕೊಂಡಳು. ಜೂನ್‌ನಲ್ಲಿ ಪಾಲಿಟೆಕ್ನಿಕ್‌ಗೆ ಹೋದಳು.

ಸಚಿವಾಲಯದಿಂದ ನನಗೆ ಉತ್ತರ ಬಂತು. ಸಮಿತಿಯ ಅಧ್ಯಕ್ಷಸ್ಥಾನ ಹೋಯಿತು, ಓಜನನ್ನು ತಿದ್ದುವ ಕೆಲಸ ಮಾತ್ರ ನನಗೇ ಕೊಟ್ಟರು. ತಪ್ಪು ಎಲ್ಲಿದೆ ಎಂದು ಬೇರೆ ಯಾರಿಗೂ ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲವಲ್ಲ. ಈಗ ಓಜ ಲೆಕ್ಕ ಕೊಟ್ಟು, ಮೊದಲು ಬಲಬದಿಯಲ್ಲಿ ಏನಾದರೂ ಬರೆದು ನೋಡಿ ಎಂದು ಹೇಳಿ ಸುಮ್ಮನೆ ಕಾಯುತ್ತದೆ. ಮೊದಲ ವರ್ಷ ಪಾಸಾದವರು ತೊಂಬತ್ತೊಂದರಿಂದ ಎಪ್ಪತ್ತಮೂರಕ್ಕೆ ಇಳಿದರು. ಪತ್ರಿಕೆಯವರು ಬಂದು ಕೇಳಿದರು. ಇಳಿಯಲಿ, ಏರುತ್ತದೆ ಎಂದೆ. ಈ ವರ್ಷ ಎಂಬತ್ತಕ್ಕೆ ಬಂದಿದೆ, ನೂರಕ್ಕೆ ಐವತ್ತು ಜನ ಚಿತ್ರ ಬರೆಯುತ್ತಿದ್ದಾರೆ.

ನನ್ನ ಜಂಪರವನ್ನು ದಾಕ್ಷಾಯಣಿ ಫಲಿತಾಂಶ ಬಂದ ದಿನವೇ ತಾನೇ ತಂದುಕೊಟ್ಟಳು. ಮರುದಿನ ಅದನ್ನು ತೊಟ್ಟು, ಪಾಟಿಯ ಮೂಲಕ ಮೂವತ್ತೆಂಟು ಸಾವಿರ ಜನಕ್ಕೂ ಕಾಣುವಂತೆ ಕೇಂದ್ರದ ದೊಡ್ಡ ಬೋರ್ಡಿನ ಮುಂದೆ ನಿಂತೆ. ಕೈ ಎತ್ತಿ ಬೋರ್ಡಿನ ತುದಿಯಿಂದ ಒಂದು ಸೈನ್ ರೇಖೆ ಎಳೆದೆ. ಜಂಪರ ಇದ್ದಲ್ಲೇ ಇತ್ತು. ಎಡಗೈಗೆ ಏನು ಮಾಡಬೇಕೋ ತಿಳಿಯದೆ ಸುಮ್ಮನೆ ಇಳಿಬಿಟ್ಟುಕೊಂಡೆ.

ಮನೆಗೆ ಬಂದು ಜಂಪರ ತೆಗೆದು ಮಡಿಸುವಾಗ ನೋಡಿದೆ. ತೋಳಿನ ಒಳಮೈಯಲ್ಲಿ ಹೊಲಿಗೆಯ ಪಕ್ಕಕ್ಕೆ ಸೀಮೆಸುಣ್ಣದ ಗೆರೆ ಹಾಗೇ ಇತ್ತು, ಒಂದು ಏರು, ಒಂದು ಇಳಿ. ದಾಕ್ಷಾಯಣಿ ಅದನ್ನು ಝಾಡಿಸಿರಲಿಲ್ಲ.

ಯಜಮಾನರು ಎರಡು ಸಲ ಕೇಳಿದ್ದಾರೆ. ಆ ಜಂಪರವನ್ನು ನಾನಿನ್ನೂ ಒಗೆಯಲು ಹಾಕಿಲ್ಲ.